ಗ್ರೀನ್ ಟೀ ಯಾಕೆ ಕೆಟ್ಟಿತು? ಎಲೆಯ ತಪ್ಪೋ, ನೀರಿನ ತಪ್ಪೋ, ನಮ್ಮದೋ ಅಂತ ಪತ್ತೆ ಮಾಡುವ ಬಗೆ

ನಮ್ಮ ಕಾಸರಗೋಡಿನ ಕಡೆ ಬಿಸಿಯಾಗಿ ಕುಡಿಯುವುದನ್ನೆಲ್ಲ ಕೊತಕೊತ ಕುದಿಸಿಯೇ ಅಭ್ಯಾಸ. ಹಾಲು ಚಾ ಇರಲಿ, ಹಾಲು ಹಾಕದ ಕಟ್ಟನ್ ಚಾಯ ಇರಲಿ, ಜೀರಿಗೆ ಕೊತ್ತಂಬರಿ ಕಷಾಯ ಇರಲಿ, ಒಲೆಯ ಮೇಲೆ ಉಕ್ಕಿ ಬರದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಹಾಗಿರುವಾಗ ಡಾಕ್ಟ್ರು "ಸಕ್ಕರೆ ಹಾಕಿದ ಹಾಲು ಚಾ ಕಡಿಮೆ ಮಾಡಿ" ಅಂದರು ಅಂತ ಬದಿಯಡ್ಕ ಪೇಟೆಯಿಂದ ಒಂದು ಗ್ರೀನ್ ಟೀ ಪ್ಯಾಕೆಟ್ ಹಿಡಿದುಕೊಂಡು ಬಂದವರು ಅದನ್ನೂ ಪಾತ್ರೆಗೆ ಹಾಕಿ ಹತ್ತು ನಿಮಿಷ ಕುದಿಸುತ್ತಾರೆ. ಪೆರ್ಲದ ಹತ್ತಿರ ಇರುವ ನನ್ನ ಭಾವ ಮಾಡಿದ್ದೂ ಅದನ್ನೇ. ಒಂದು ಗುಟುಕು ಕುಡಿದು ನಾನು ಕೇಳಿದೆ: "ಇದೆಂತ ಭಾವ, ಕಿರಾತಕಡ್ಡಿ ಕಷಾಯವಾ?"

ಅಲ್ಲಿಂದ ಶುರುವಾದದ್ದು ಈ ಪತ್ತೇದಾರಿ ಕೆಲಸ. ನಾನೇನು ಚಾ ತಜ್ಞ ಅಲ್ಲ, ಅಡಿಕೆ ತೋಟದವನು. ಆದರೆ ಐದಾರು ವರ್ಷ ನಾನೂ ತಪ್ಪು ಮಾಡಿ, ಒಳ್ಳೆ ಎಲೆಯನ್ನು ಬೈದು ಬಿಸಾಡಿ, ಆಮೇಲೆ ಕಲಿತದ್ದು. ಹತ್ತರಲ್ಲಿ ಎಂಟು ಸಲ ಎಲೆಯಲ್ಲಿ ತಪ್ಪೇ ಇರುವುದಿಲ್ಲ. ನಾವು ಅದನ್ನು ಕಷಾಯ ಅಂತ ತಿಳಿದದ್ದೇ ತಪ್ಪು. ಕೆಳಗೆ ನಿಮಗೆ ಕಾಣುವ ಲಕ್ಷಣ ಹಿಡಿದು ಹೋಗಿ. ಖರ್ಚಿಲ್ಲದ ಪರೀಕ್ಷೆ ಮೊದಲು ಮಾಡಿ, ಹೊಸ ಪ್ಯಾಕೆಟ್ ತರುವುದು ಆಮೇಲೆ.

ಎಲ್ಲಕ್ಕಿಂತ ಮೊದಲು: ಡಬ್ಬದಲ್ಲಿ ಇರುವುದು ಯಾವುದು?

ಬದನೆಕಾಯಿ ಹೆಚ್ಚಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಅಲ್ವಾ? ಚಾ ಎಲೆಯನ್ನು ಹಿಸುಕಿ ಬಿಟ್ಟರೂ ಹಾಗೇ ಆಗುತ್ತದೆ. ಹಾಗೆ ಪೂರ್ತಿ ಕೆಂಪಾಗಲು ಬಿಟ್ಟರೆ ನಮ್ಮ ಮಾಮೂಲು ಚಾ ಪುಡಿ. ಕಪ್ಪಾಗುವ ಮೊದಲೇ ಬಿಸಿ ಮುಟ್ಟಿಸಿ ನಿಲ್ಲಿಸಿದರೆ ಗ್ರೀನ್ ಟೀ. ಗಿಡ ಒಂದೇ. ಜಪಾನಿನವರು ಹೆಚ್ಚಾಗಿ ಹಬೆಯಲ್ಲಿ ಬೇಯಿಸುತ್ತಾರೆ, ನಾವು ಅಟ್ಟಿನಳಗೆಯಲ್ಲಿ ಕೊಟ್ಟಿಗೆ ಕಡುಬು ಬೇಯಿಸುತ್ತೇವಲ್ಲ, ಹೆಚ್ಚು ಕಡಿಮೆ ಆ ನಮೂನೆ. ಆದರೆ ಅರ್ಧ ಒಂದು ನಿಮಿಷ ಅಷ್ಟೇ. ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಈ ಒಂದು ವ್ಯತ್ಯಾಸದಿಂದಲೇ ರುಚಿ ಎರಡು ದಾರಿ ಹಿಡಿಯುತ್ತದೆ. ಹಬೆಯದ್ದಕ್ಕೆ ಹಸಿ ಸೊಪ್ಪಿನ, ಕಡಲಿನ ಪರಿಮಳ. ಹುರಿದದ್ದಕ್ಕೆ ಹುರಿದ ಬೀಜದ, ಕಡಲೆಯ ಪರಿಮಳ.

ಜಪಾನಿನ ದಿನಬಳಕೆಯ ಎಲೆ ಸೆಂಚಾ, ಸೂಜಿಯ ಹಾಗೆ ಉದ್ದ. 1738ರಲ್ಲಿ ನಗತಾನಿ ಸೋಯೆನ್ ಅನ್ನುವವರು ಈಗಿನ ರೀತಿ ಹೊಸೆದು ಒಣಗಿಸುವ ಕ್ರಮ ಶುರು ಮಾಡಿದರು ಅಂತ ಹೇಳುತ್ತಾರೆ. ಗ್ಯೊಕುರೊ ಅಂದರೆ ಕೊಯ್ಯುವ ಮೊದಲು ಸುಮಾರು ಮೂರು ವಾರ ಗಿಡಕ್ಕೆ ನೆರಳು ಕಟ್ಟಿ ಬೆಳೆಸಿದ್ದು, ದುಬಾರಿ. ನೆರಳಿನ ಎಲೆಯನ್ನೇ ಕಲ್ಲಿನಲ್ಲಿ ಬೀಸಿ ನುಣ್ಣಗೆ ಮಾಡಿದರೆ ಮಾಚ್ಚಾ. ಹುರಿದ ಅಕ್ಕಿ ಬೆರೆಸಿದ್ದು ಗೆನ್‌ಮೈಚಾ, ನಮ್ಮವರಿಗೆ ಬೇಗ ಹಿಡಿಸುವುದು ಇದೇ. ಎಲೆಯನ್ನೇ ಕಂದು ಬಣ್ಣ ಬರುವಷ್ಟು ಹುರಿದದ್ದು ಹೋಜಿಚಾ. ಚೀನಾದ ಹಾಂಗ್‌ಝೌ ಊರಿನ ಲಾಂಗ್‌ಜಿಂಗ್ ಚಪ್ಪಟೆ ಎಲೆ. ಗನ್‌ಪೌಡರ್ ಅಂತ ಇನ್ನೊಂದಿದೆ, ಸಣ್ಣ ಕರಿಮೆಣಸಿನ ಕಾಳಿನ ಹಾಗೆ ಉಂಡೆ ಉಂಡೆ. ಗಲ್ಫಿನಿಂದ ಬಂದವರು ನಮ್ಮಲ್ಲಿಗೆ ತರುವ ಡಬ್ಬಗಳಲ್ಲಿ ಇದೇ ಜಾಸ್ತಿ. ನಮ್ಮ ದೇಶದ್ದು ಬೇಕಾದರೆ ನೀಲಗಿರಿ, ಅಸ್ಸಾಂ, ಡಾರ್ಜಿಲಿಂಗ್, ಕಾಂಗ್ಡಾ ಎಲ್ಲ ಕಡೆಯ ಗ್ರೀನ್ ಟೀಯೂ ಸಿಗುತ್ತದೆ.

ಇಷ್ಟು ಹೇಳಿದ್ದು ಯಾಕೆ ಅಂದರೆ, ಒಂದಕ್ಕೆ ಸರಿಯಾದ ಬಿಸಿ ಇನ್ನೊಂದಕ್ಕೆ ವಿಷ. ಹೆಸರು ಗೊತ್ತಿಲ್ಲದೆ ಮುಂದಿನ ಪರೀಕ್ಷೆ ಮಾಡಬೇಡಿ. ಪ್ಯಾಕೆಟ್‌ನಲ್ಲಿ ಬರೀ "ಗ್ರೀನ್ ಟೀ" ಅಂತ ಇದ್ದರೆ 80 ಡಿಗ್ರಿಯ ಎಲೆ ಅಂದುಕೊಂಡು ಹೊರಡಿ.

"ಬಾಯಿಗಿಡಲಿಕ್ಕೆ ಆಗುವುದಿಲ್ಲ, ಅಷ್ಟು ಕಹಿ"

ಮೊದಲು ಒಂದು ಮಾತು ಸರಿ ಮಾಡಿಕೊಳ್ಳೋಣ. ಕಹಿಯಾ, ಒಗರಾ? ಹಾಗಲಕಾಯಿಯದ್ದು ಕಹಿ. ಎಳೆ ಅಡಿಕೆ ಜಗಿದರೆ ನಾಲಗೆ ದಪ್ಪಗಾಗಿ ಬಾಯಿ ಒಳಗೆಲ್ಲ ಹಿಡಿದುಕೊಂಡ ಹಾಗೆ ಆಗುತ್ತದಲ್ಲ, ಅದು ಒಗರು. ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಡಿಕೆಯ ಚೊಗರಿನಲ್ಲಿರುವ ಜಾತಿಯ ವಸ್ತುವೇ ಚಾ ಎಲೆಯಲ್ಲೂ ಇದೆ. ಅದಕ್ಕೆ ಕೆಟೆಚಿನ್ ಅನ್ನುತ್ತಾರೆ. ಒಗರು ಹೆಚ್ಚಾಗಿ ಅದರದ್ದು. ಕಹಿಯಲ್ಲಿ ಅದರ ಜೊತೆ ಕೆಫೀನಿನ ಪಾಲೂ ಇದೆ. ಎಲೆಯಲ್ಲಿ ಥಿಯನೈನ್ ಅಂತ ಇನ್ನೊಂದು ವಸ್ತು ಇದೆ, ಗಂಜಿ ತಿಳಿಯ ಹಾಗೆ ಒಂದು ಮೆತ್ತನೆಯ ಸಿಹಿ ಕೊಡುವುದು ಅದೇ. ಈಗ ಮುಖ್ಯ ವಿಷಯ. ಥಿಯನೈನ್ ತಣ್ಣನೆಯ ನೀರಿಗೂ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಕೆಟೆಚಿನ್ ಮತ್ತು ಕೆಫೀನ್ ಹೊರಗೆ ಬರಬೇಕಾದರೆ ಬಿಸಿ ಬೇಕು. ಬಿಸಿ ಜಾಸ್ತಿಯಾದಷ್ಟೂ ಅವು ಜಾಸ್ತಿ. ಅಂದರೆ ಕುದಿಸಿದಾಗ ಸಿಹಿಯೇನೂ ಹೋಗಿರುವುದಿಲ್ಲ, ಕಹಿಯ ಕೆಳಗೆ ಹೂತು ಹೋಗಿರುತ್ತದೆ.

ಮೊದಲ ಪರೀಕ್ಷೆ ಬಿಸಿಯದ್ದು. ಖರ್ಚು ಸೊನ್ನೆ. ಕುದಿಯುವ ನೀರನ್ನು ಎಲೆಗೆ ನೇರ ಹಾಕುತ್ತಿದ್ದೀರಾ? ಹಾಗಾದರೆ ಇಲ್ಲಿಗೇ ಅರ್ಧ ಕೇಸು ಮುಗಿಯಿತು. ಥರ್ಮಾಮೀಟರ್ ಬೇಡ, ಅಳತೆ ಲೋಟ ಸಾಕು. ನಮ್ಮ ಊರಲ್ಲಿ ಒಳಗಿಟ್ಟ ನೀರು ಸುಮಾರು 28 ಡಿಗ್ರಿ ಇರುತ್ತದೆ. ಕುದಿಯುವ ನೀರು ಮೂರು ಪಾಲು, ತಣ್ಣೀರು ಒಂದು ಪಾಲು ಬೆರೆಸಿದರೆ ಲೆಕ್ಕಕ್ಕೆ 82 ಡಿಗ್ರಿ. ಎರಡು ಪಾಲಿಗೆ ಒಂದು ಪಾಲು ಆದರೆ 76. ಪಾತ್ರೆ ಸ್ವಲ್ಪ ಬಿಸಿ ಹೀರುತ್ತದೆ, ಹಾಗಾಗಿ ಇನ್ನೊಂದೆರಡು ಡಿಗ್ರಿ ಕಡಿಮೆಯೇ ಆಗುತ್ತದೆ, ತೊಂದರೆ ಇಲ್ಲ. ಚೀನಾದ ಎಲೆ, ನಮ್ಮ ನೀಲಗಿರಿ ಎಲೆಗೆ ಮೊದಲನೆಯದ್ದು. ಸೆಂಚಾಕ್ಕೆ ಎರಡನೆಯದ್ದು. ಗ್ಯೊಕುರೊಗೆ ಇನ್ನೂ ತಣ್ಣಗೆ, 50ರಿಂದ 60. ಹೋಜಿಚಾಕ್ಕೆ ಮಾತ್ರ ಕುದಿನೀರೇ ಹಾಕಿ, ಹುರಿದು ಹುರಿದು ಅದರ ಒಗರು ಮೊದಲೇ ಇಳಿದಿರುತ್ತದೆ.

ಬೆರೆಸುವ ತಣ್ಣೀರಿನ ಬಗ್ಗೆ ಎರಡು ಎಚ್ಚರ. ಬಾವಿಯಿಂದ ಎತ್ತಿದ ಹಸಿ ನೀರು ಹಾಕಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಕುದಿಸಿ ಆರಿಸಿಟ್ಟದ್ದು ಹಾಕಿ. ಮತ್ತೆ, ನಮ್ಮ ಮನೆಗಳಲ್ಲಿ ಕುಡಿಯುವ ನೀರು ಅಂತ ಆರಿಸಿಟ್ಟದ್ದು ಬರೀ ನೀರಾಗಿರುವುದಿಲ್ಲ. ದಾಹಶಮನಿ ಹಾಕಿ ಗುಲಾಬಿ ಬಣ್ಣ ಬಂದದ್ದೋ, ಜೀರಿಗೆ ಹಾಕಿದ್ದೋ ಇರುತ್ತದೆ. ನಾನೇ ಒಂದು ಸಲ ಅದನ್ನು ಬೆರೆಸಿ, "ಈ ಸೆಂಚಾ ಯಾಕೆ ಕೆಂಪಾಯಿತು" ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೇನೆ.

ಎರಡನೆಯದ್ದು ಹೊತ್ತು. ಹುಡಿ ತುಂಬಿದ ಟೀ ಬ್ಯಾಗ್ ಬೇಗ ಬಿಡುತ್ತದೆ, ಒಂದೂವರೆ ನಿಮಿಷ ಸಾಕು. ಸೆಂಚಾಕ್ಕೂ ಒಂದರಿಂದ ಒಂದೂವರೆ. ಅಗಲ ಎಲೆಯ ಚೀನಾ ಟೀಗೆ ಎರಡು, ಮೂರು. ಬ್ಯಾಗನ್ನು ಲೋಟದಲ್ಲೇ ಬಿಟ್ಟು ಪೇಪರ್ ಓದುತ್ತಾ ಕುಡಿಯುವವರಿಗೆ ಕೊನೆಯ ಗುಟುಕು ಕಿರಾತಕಡ್ಡಿಯೇ. ಬ್ಯಾಗನ್ನು ಚಮಚಕ್ಕೆ ಸುತ್ತಿ ಹಿಂಡುವುದು ಬೇಡ. ಕಾಸು ಕೊಟ್ಟದ್ದು ಹಾಳಾಗಬಾರದು ಅಂತ ಹಿಂಡಿದರೆ ಬರುವುದು ಆ ಒಗರು ನೀರೇ. ಮೊದಲ ಗುಟುಕು ಚೆನ್ನಾಗಿದ್ದು ಹೋಗ್ತಾ ಹೋಗ್ತಾ ಕಹಿಯಾದರೆ ತಪ್ಪು ಹೊತ್ತಿನದ್ದು. ಮೊದಲ ಗುಟುಕೇ ಕಹಿ ಇದ್ದರೆ ಬಿಸಿಯದ್ದು ಅಥವಾ ಎಲೆ ಜಾಸ್ತಿಯಾದದ್ದು.

ಮೂರನೆಯದ್ದು ಅಳತೆ. 150 ಮಿಲಿಲೀಟರ್ ಲೋಟಕ್ಕೆ 2 ಗ್ರಾಂ. ಚಮಚದ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಹಗುರ ಎಲೆ ಒಂದು ಚಮಚ ತುಂಬ ಹಾಕಿದರೂ 2 ಗ್ರಾಂ ಆಗಲಿಕ್ಕಿಲ್ಲ, ಗನ್‌ಪೌಡರ್ ಉಂಡೆ ಅದೇ ಒಂದು ಚಮಚದಲ್ಲಿ ಅದಕ್ಕಿಂತ ಜಾಸ್ತಿ ಬಂದಿರುತ್ತದೆ. ಲೋಟದಲ್ಲಿ ಉಂಡೆ ಬಿಚ್ಚಿ ಕಾಡು ಬೆಳೆದ ಹಾಗೆ ಕಂಡರೆ ಹಾಕಿದ್ದು ಜಾಸ್ತಿಯಾಯಿತು ಅಂತ. ಹಾಂ, ಮೊರಾಕ್ಕೊದ ಕಡೆ ಈ ಉಂಡೆಯನ್ನೇ ಕುದಿಸಿ ಮಾಡುತ್ತಾರೆ ಅಂತ ಗಲ್ಫಿಗೆ ಹೋಗಿ ಬಂದವರು ಯಾರಾದರೂ ವಾದಕ್ಕೆ ಬರಬಹುದು. ಹೌದು, ಮಾಡುತ್ತಾರೆ. ಆದರೆ ಅವರು ಮೊದಲ ನೀರಲ್ಲಿ ಎಲೆ ತೊಳೆದು, ಪುದೀನ ಮುಷ್ಟಿಗಟ್ಟಲೆ ಹಾಕಿ, ಸಕ್ಕರೆಯನ್ನೂ ಧಾರಾಳ ಸುರಿಯುತ್ತಾರೆ. ಸಕ್ಕರೆ ಕಡಿಮೆ ಮಾಡಲಿಕ್ಕೆ ಹೊರಟವರಿಗೆ ಆ ದಾರಿ ಅಲ್ಲ.

ಈ ಮೂರನ್ನೂ ಸರಿ ಮಾಡಿದ ಮೇಲೂ ಕಹಿ ಹೋಗದಿದ್ದರೆ ನನ್ನ ಪ್ರೀತಿಯ ಪರೀಕ್ಷೆ ಮಾಡಿ, ತಣ್ಣೀರು ಪರೀಕ್ಷೆ. ಅದೇ ಎಲೆ 3 ಗ್ರಾಂ, ಕುದಿಸಿ ಆರಿಸಿದ ಬರೀ ನೀರು 250 ಮಿಲಿಲೀಟರ್, ಮುಚ್ಚಿದ ಬಾಟಲಿಯಲ್ಲಿ ಫ್ರಿಜ್ಜಿನ ಒಳಗೆ ಐದು ಗಂಟೆ. ಸೋಸಿ ಕುಡಿಯಿರಿ. ಸಿಹಿಯಾಗಿ, ಮೆತ್ತಗೆ ಬಂತಾ? ಎಲೆ ಒಳ್ಳೆಯದು, ನೀವು ಇನ್ನೂ ಎಲ್ಲೋ ಬಿಸಿ ಜಾಸ್ತಿ ಮಾಡುತ್ತಿದ್ದೀರಿ. ತಣ್ಣೀರಲ್ಲೂ ಕಹಿ, ಒರಟು ಅನ್ನಿಸಿತಾ? ಹಾಗಾದರೆ ಎಲೆಯೇ ಕೀಳು, ಅಥವಾ ನೀರು ಸರಿ ಇಲ್ಲ. ಅಂಗಡಿಯ ಬಾಟಲಿ ನೀರಲ್ಲಿ ಇನ್ನೊಂದು ಸಲ ಮಾಡಿ ನೋಡಿದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗುತ್ತದೆ. ಭಾವನ ಮನೆಯಲ್ಲಿ ಈ ಪರೀಕ್ಷೆ ಮಾಡಿದಾಗಲೇ ಬೇರೊಂದು ಸಂಗತಿ ಸಿಕ್ಕಿದ್ದು, ಅದು ಬಣ್ಣದ ಭಾಗದಲ್ಲಿ ಬರುತ್ತದೆ. ಅಂದ ಹಾಗೆ ಏಪ್ರಿಲ್ ಮೇ ತಿಂಗಳ ಸೆಕೆಗೆ ಈ ತಣ್ಣೀರು ಟೀಯಷ್ಟು ಹಿತವಾದದ್ದು ಬೇರೆ ಇಲ್ಲ, ಮಜ್ಜಿಗೆ ನೀರನ್ನು ಬಿಟ್ಟರೆ.

ಕೈ ಸುಡುವ ಬಗ್ಗೆಯೂ ಒಂದು ಮಾತು. ತೆಳು ಗಾಜಿನ ಲೋಟಕ್ಕೆ ಕುದಿನೀರು ಸುರಿದರೆ ಒಡೆಯಬಹುದು. ಪಿನ್ನು ಹೊಡೆದ ಟೀ ಬ್ಯಾಗನ್ನು ಮೈಕ್ರೋವೇವ್‌ಗೆ ಇಡಬೇಡಿ, ಕಿಡಿ ಹಾರುತ್ತದೆ. ಬಾಯಿ ಸುಡುವಷ್ಟು ಬಿಸಿ ಕುಡಿಯುವ ಚಟ ಇದ್ದರೆ ಬಿಡಿ. 65 ಡಿಗ್ರಿಗಿಂತ ಬಿಸಿಯಾದದ್ದನ್ನು ಕುಡಿಯುವುದು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಆಗಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿದೆ. ತಪ್ಪು ಟೀಯದ್ದಲ್ಲ, ಬಿಸಿಯದ್ದು.

"ರುಚಿಯೇ ಇಲ್ಲ, ಸುಮ್ನೆ ಬಿಸಿನೀರು"

ಇದು ಎರಡು ನಮೂನೆಯವರ ದೂರು. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆಯ ಚಾ ಕುಡಿದವರ ನಾಲಗೆಗೆ ಮೊದಲ ವಾರ ಯಾವ ಗ್ರೀನ್ ಟೀಯೂ ನೀರೇ. ಅವರು ಏನೂ ರಿಪೇರಿ ಮಾಡಬೇಕಾಗಿಲ್ಲ, ಒಂದೆರಡು ವಾರ ಕಾಯಬೇಕು. ಅಲ್ಲಿಯವರೆಗೆ ಗೆನ್‌ಮೈಚಾ ಕುಡಿಯಲಿ, ಹುರಿದ ಅಕ್ಕಿಯ ಪರಿಮಳ ಊರಿನದ್ದೇ ಅನ್ನಿಸುತ್ತದೆ. ಹಾಲು ಮಾತ್ರ ಹಾಕಬೇಡಿ. ನಮ್ಮ ಅತ್ತಿಗೆ ಒಂದು ಸಲ ಹಾಕಿದ್ದಳು. ಬೇಡ.

ಮೊದಲು ಚೆನ್ನಾಗಿದ್ದ ಎಲೆಯೇ ಈಗ ಸಪ್ಪೆ ಅನ್ನಿಸಿದರೆ ಅದು ಬೇರೆ ಕತೆ. ಒಣ ಎಲೆಯನ್ನು ಅಂಗೈಯಲ್ಲಿ ಹಾಕಿ ಬಾಯಿಯ ಬಿಸಿ ಉಸಿರು ಬಿಟ್ಟು ಮೂಸಿ ನೋಡಿ. ಹಸಿರು ಪರಿಮಳ ಎದ್ದು ಬಂದರೆ ಎಲೆಗೆ ಜೀವ ಇದೆ, ನೀವು ಎಲೆ ಕಡಿಮೆ ಹಾಕಿದ್ದೀರಿ ಅಥವಾ ನೀರು ತೀರ ತಣ್ಣಗಾಗಿದೆ. ಹಟ್ಟಿಯ ಬೈಹುಲ್ಲಿನ ವಾಸನೆ ಮಾತ್ರ ಬಂದರೆ ಎಲೆ ಹಳತಾಗಿದೆ. ಹಳತಾದ ಎಲೆ ವಿಷ ಅಲ್ಲ, ಕುಡಿಯಬಹುದು, ಆದರೆ ಖುಷಿ ಇಲ್ಲ. ಅದನ್ನು ಬಿಸಾಡುವ ಬದಲು ಸಣ್ಣ ಉರಿಯಲ್ಲಿ, ಎಣ್ಣೆ ಪಸೆ ಇಲ್ಲದ ಕಾವಲಿಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಹೋಜಿಚಾದ ಬಡ ತಮ್ಮ ಸಿಗುತ್ತಾನೆ, ಅದಕ್ಕೆ ಕುದಿನೀರು ಹಾಕಿದರೂ ಸಿಟ್ಟಾಗುವುದಿಲ್ಲ.

ಒಂದೇ ಎಲೆಗೆ ಎರಡನೇ ಸಲ ನೀರು ಹಾಕಬಹುದು. ಒಳ್ಳೆ ಎಲೆ ಮೂರು ಸಲವೂ ತಡೆಯುತ್ತದೆ. ಸೆಂಚಾಕ್ಕೆ ಎರಡನೇ ಸಲ ಹದಿನೈದು ಇಪ್ಪತ್ತು ಸೆಕೆಂಡ್ ಸಾಕು, ಎಲೆ ಆಗಲೇ ಬಿಚ್ಚಿಕೊಂಡಿರುತ್ತದೆ. ಟೀ ಬ್ಯಾಗಿಗೆ ಎರಡನೇ ಸಲ ಅಂತ ಇಲ್ಲ.

"ವಾಸನೆ ಒಂದು ನಮೂನೆ ಬರ್ತದೆ"

ಯಾವ ನಮೂನೆ? ಕಡಲ ಪಾಚಿಯ ಹಾಗೆ, ಸ್ವಲ್ಪ ಮೀನಿನ ಹಾಗೆ ಬಂದರೆ, ಮತ್ತು ಎಲೆ ಜಪಾನಿನದ್ದಾದರೆ, ಅದು ದೋಷ ಅಲ್ಲ. ಹಬೆಯಲ್ಲಿ ಬೆಂದ ಎಲೆಯ ಗುಣವೇ ಅದು, ಅದಕ್ಕೇ ಜಾಸ್ತಿ ಬೆಲೆ ಕೊಡುವವರಿದ್ದಾರೆ. ಮನೆಯಲ್ಲಿ ಅಜ್ಜಿಯಂದಿರು "ಇದರಲ್ಲಿ ಮೀನು ಉಂಟಾ" ಅಂತ ಕೇಳಿದರೆ ಹುರಿದ ಜಾತಿಯ ಟೀಗೆ ಬದಲಾಯಿಸಿ, ವಾದ ಮಾಡಬೇಡಿ. ಗನ್‌ಪೌಡರಿನಲ್ಲಿ ಸ್ವಲ್ಪ ಹೊಗೆಯ ಛಾಯೆ ಇರುವುದೂ ಮಾಮೂಲು.

ಸಾಂಬಾರು ಪುಡಿ, ಏಲಕ್ಕಿ, ಕೊಬ್ಬರಿ, ಕರ್ಪೂರ, ಇವುಗಳ ವಾಸನೆ ಬಂದರೆ ತಪ್ಪು ಕಪಾಟಿನದ್ದು. ಒಣ ಚಾ ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಚೀನಾದವರು ಮಲ್ಲಿಗೆ ಹೂವಿನ ಜೊತೆ ಎಲೆಯನ್ನಿಟ್ಟು ಪರಿಮಳ ಹಿಡಿಸುವುದು ಈ ಗುಣದಿಂದಲೇ. ನಮ್ಮ ಅಡುಗೆಮನೆಯಲ್ಲಿ ಅದೇ ಗುಣ ಹಿಂಗಿನ ಟೀ ಮಾಡಿ ಕೊಡುತ್ತದೆ. ಅಂಥ ಎಲೆಗೆ ಚಿಕಿತ್ಸೆ ಇಲ್ಲ. ಮುಂದಿನ ಪ್ಯಾಕೆಟನ್ನಾದರೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಮಸಾಲೆಯಿಂದ ದೂರ, ಒಲೆಯಿಂದ ದೂರ ಇಡಿ. ಚಂದ ಕಾಣುತ್ತದೆ ಅಂತ ಗಾಜಿನ ಭರಣಿಯಲ್ಲಿ ಕಿಟಕಿಯ ಹತ್ತಿರ ಇಡಬೇಡಿ, ಬೆಳಕೂ ಎಲೆಯನ್ನು ಹಾಳು ಮಾಡುತ್ತದೆ.

ಮುಗ್ಗು ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಆಟಿ ತಿಂಗಳಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ಒಣ ಎಲೆಯನ್ನು ಬೆರಳಲ್ಲಿ ಮುರಿದರೆ ಟಕ್ ಅಂತ ಮುರಿಯಬೇಕು. ಬಗ್ಗಿದರೆ ತೇವ ಹಿಡಿದಿದೆ. ಬಿಳಿ ನೂಲಿನಂಥದ್ದು ಕಂಡರೆ, ಎಲೆ ಗಂಟು ಕಟ್ಟಿದ್ದರೆ, ಪೂರ್ತಿ ಡಬ್ಬ ಬಾಳೆ ಬುಡಕ್ಕೆ ಹಾಕಿ. "ಮೇಲಿಂದ ತೆಗೆದು ಬಿಸಿಲಿಗೆ ಹಾಕಿದರೆ ಸರಿಯಾಗ್ತದೆ" ಅನ್ನುವುದು ಹಪ್ಪಳಕ್ಕೂ ಒಳ್ಳೆಯದಲ್ಲ, ಇಲ್ಲಿಗಂತೂ ಅಲ್ಲವೇ ಅಲ್ಲ. ಕುದಿಸಿದರೆ ಬೂಸ್ಟಿನ ವಿಷ ಎಲ್ಲ ಹೋಗುತ್ತದೆ ಅಂತಲೂ ನಂಬಬೇಡಿ.

ಮಳೆಗಾಲಕ್ಕೆ ನಾನು ಮಾಡುವುದು ಇಷ್ಟು. 50 ಗ್ರಾಮಿನ ಸಣ್ಣ ಪ್ಯಾಕೆಟ್ ಮಾತ್ರ ತರುವುದು. ಜಾಸ್ತಿ ಇದ್ದರೆ ಒಡೆಯದ ಪ್ಯಾಕೆಟ್ ಫ್ರಿಜ್ಜಿನಲ್ಲಿ. ಹೊರಗೆ ತೆಗೆದ ತಕ್ಷಣ ಒಡೆಯುವುದಿಲ್ಲ, ಅರ್ಧ ದಿನ ಮೇಜಿನ ಮೇಲೆ ಬಿಡುತ್ತೇನೆ, ಇಲ್ಲದಿದ್ದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಬೆವರಿನ ಹಾಗೆ ಕೂರುತ್ತದೆ.

"ಹಸಿರು ಬಣ್ಣವೇ ಇಲ್ಲ" ಅಥವಾ "ಶಾಯಿಯ ಹಾಗೆ ಕಪ್ಪಾಯಿತು"

ಮೊದಲನೆಯದ್ದಕ್ಕೆ ಉತ್ತರ ಸುಲಭ. ಗ್ರೀನ್ ಟೀ ಹಸಿರಾಗಿರಬೇಕು ಅಂತ ಇಲ್ಲ. ಹೆಚ್ಚಿನವು ತಿಳಿ ಹಳದಿ, ಎಳನೀರಿಗೆ ಒಂದು ಹನಿ ಅರಿಶಿನ ಬಿದ್ದ ಹಾಗೆ. ಹಬೆಯ ಜಪಾನಿ ಎಲೆ ಸ್ವಲ್ಪ ಹಸಿರು, ಮಾಚ್ಚಾ ಪೂರ್ತಿ ಹಸಿರು, ಹೋಜಿಚಾ ಕಂದು. ಮಾಡಿದಾಗ ಹಳದಿ ಇದ್ದು ಒಂದು ಗಂಟೆ ಬಿಟ್ಟ ಮೇಲೆ ಕೆಂಪಾದರೆ ಅದು ಗಾಳಿ ತಾಗಿ ಆದದ್ದು. ಬಿಸಿ ಇರುವಾಗಲೇ ಕುಡಿಯಿರಿ, ಫ್ಲಾಸ್ಕಿನಲ್ಲಿ ತುಂಬಿ ತೋಟಕ್ಕೆ ಒಯ್ಯಬೇಡಿ. ಮಾಡಿದ ತಕ್ಷಣವೇ ಕಂದು ಬಂದರೆ ಎಲೆ ಹಳೆಯದ್ದು ಅಥವಾ ಜಾಸ್ತಿ ಕುದಿಸಿದ್ದು.

ಎರಡನೆಯದ್ದು ಮಾತ್ರ ಸ್ವಾರಸ್ಯದ ದೋಷ, ನನ್ನ ಲೆಕ್ಕದಲ್ಲಿ ಈ ಇಡೀ ಬರಹದಲ್ಲಿ ಅತಿ ಮುಖ್ಯವಾದದ್ದೂ ಹೌದು. ಭಾವನ ಮನೆಯಲ್ಲಿ ತಣ್ಣೀರು ಪರೀಕ್ಷೆಗೆ ಎರಡು ಬಾಟಲಿ ಇಟ್ಟೆವು. ಅಂಗಡಿ ನೀರಿನದ್ದು ತಿಳಿ ಹಳದಿ ಬಂತು. ಮನೆಯ ನೀರಿನದ್ದು ಬೂದಿ ಕಲಸಿದ ಹಾಗೆ, ನೇರಳೆಗಪ್ಪು. ಎಲೆ ಒಂದೇ, ಹೊತ್ತು ಒಂದೇ. ನೀರು ಮಾತ್ರ ಬೇರೆ.

ಇದು ಕಬ್ಬಿಣ. ಚಾ ಎಲೆಯ ಒಗರು ವಸ್ತು ನೀರಿನಲ್ಲಿ ಕರಗಿದ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ ಬರುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಅಳಲೆಕಾಯಿಯಂಥ ಒಗರಿನ ಕಾಯಿಗೆ ಕಬ್ಬಿಣ ಸೇರಿಸಿಯೇ. ಹಾಲು ಚಾದಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ತಿಳಿ ಬಣ್ಣದ ಗ್ರೀನ್ ಟೀಯಲ್ಲಿ ಅಡಗಲಿಕ್ಕೆ ಜಾಗ ಇಲ್ಲ. ನಮ್ಮದು ಮುರಕಲ್ಲಿನ ನೆಲ, ಆ ಕೆಂಪೇ ಕಬ್ಬಿಣದ್ದು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರನ್ನೇ ಕುಡಿದು ಬೆಳೆದ ಮನೆಗಳವು. ಆಮೇಲೆ ಕೊಳವೆಬಾವಿ ಬಂತು. ಭಾವನ ಮನೆಯಲ್ಲಿ ಎರಡು ವರ್ಷದ ಹಿಂದೆ ಅಡುಗೆಗೂ ಕೊಳವೆಬಾವಿಯ ನೀರಿನ ಪೈಪು ಎಳೆಸಿದ್ದರು, ಅದನ್ನು ಯಾರೂ ಇದಕ್ಕೆ ಜೋಡಿಸಿ ನೋಡಿರಲಿಲ್ಲ.

ನಿಮ್ಮ ಟೀಯೂ ಕಪ್ಪಾದರೆ ಹೀಗೆ ಹೋಗಿ. ಮೊದಲು ಪಾತ್ರೆ ಬದಲಾಯಿಸಿ, ಕಬ್ಬಿಣದ ಪಾತ್ರೆಯಲ್ಲಿ ನೀರು ಕಾಯಿಸುತ್ತಿದ್ದರೆ ಅದೇ ಕಾರಣ ಇರಬಹುದು, ಸ್ಟೀಲಿಗೆ ಬನ್ನಿ. ಆಮೇಲೆ ನೀರನ್ನು ಬಿಳಿ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಡಿ. ಎತ್ತಿದಾಗ ತಿಳಿ ಇದ್ದು ಬೆಳಿಗ್ಗೆ ಕೆಂಪು ಕೆಸರು ತಳದಲ್ಲಿ ಕೂತರೆ ಕಬ್ಬಿಣ ಇರುವುದು ಬಹುತೇಕ ಖಾತ್ರಿ. ಬಿಳಿ ಬಟ್ಟೆಗೆ, ಬಚ್ಚಲಿನ ನೆಲಕ್ಕೆ ತುಕ್ಕಿನ ಕಲೆ ಇದ್ದರೂ ಅದೇ ಸಾಕ್ಷಿ. ಟೀಗೆ ಮಾತ್ರ ಅಂದರೆ ಹೀಗೆ ತಿಳಿಯಾಗಿಸಿ ಮೇಲಿನ ನೀರು ಬಳಸಬಹುದು, ಅಥವಾ ತೆರೆದ ಬಾವಿಯ ನೀರು ತನ್ನಿ. ಆದರೆ ಮನೆಮಂದಿಯೆಲ್ಲ ಕುಡಿಯುವುದು ಅದೇ ನೀರನ್ನಾದರೆ ಇಲ್ಲಿಗೆ ಮನೆಮದ್ದು ನಿಲ್ಲಿಸಿ, ಕೇರಳ ವಾಟರ್ ಅಥಾರಿಟಿಯ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಮೊದಲೇ ಕೇಳಿಕೊಳ್ಳಿ, ಬಾಟಲಿ ಹೇಗೆ ತುಂಬಬೇಕು ಅಂತ ಅವರೇ ಹೇಳುತ್ತಾರೆ. ವರದಿ ಬರುವ ಮೊದಲು ಮನೆ ಬಾಗಿಲಿಗೆ ಬರುವ ಫಿಲ್ಟರ್ ಮಾರುವವರ ಮಾತಿಗೆ ದುಡ್ಡು ಕೊಡಬೇಡಿ.

ಕಡಲ ಬದಿಯ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯವರಿಗೆ ಬೇರೆ ತೊಂದರೆ. ಬೇಸಗೆಯ ಕೊನೆಗೆ ಕೆಲವು ಬಾವಿಗಳಿಗೆ ಉಪ್ಪು ಹತ್ತುತ್ತದೆ. ಬಣ್ಣ ಸರಿ ಇದ್ದು ರುಚಿ ಮಾತ್ರ ಮಂಕು, ಕೊನೆಗೆ ಸಣ್ಣ ಉಪ್ಪು. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಮಳೆ ಬರುವವರೆಗೆ ಬೇರೆ ನೀರು ನೋಡಿಕೊಳ್ಳಿ.

"ಮಾಚ್ಚಾ ಗಂಟು ಗಂಟು"

ಜರಡಿ ಹಿಡಿಯದೆ ಹಾಕಿದ್ದಕ್ಕೆ. ಚಾ ಸೋಸುವ ಸಣ್ಣ ಜರಡಿಯಲ್ಲಿ ಮೊದಲು ಉದುರಿಸಿ, ಒಂದೆರಡು ಚಮಚ ಸಾಧಾರಣ ಬಿಸಿ ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಉಳಿದ ನೀರು. ಮಾಚ್ಚಾದಲ್ಲಿ ಎಲೆಯನ್ನೇ ನುಂಗುತ್ತೇವೆ, ಹಾಗಾಗಿ ಕೆಫೀನೂ ಜಾಸ್ತಿ. ಐಸ್‌ಕ್ರೀಮ್ ಹಾಗೆ ಹಸಿರಾಗಿದೆ ಅಂತ ಮಕ್ಕಳಿಗೆ ಲೋಟಗಟ್ಟಲೆ ಕೊಡಬೇಡಿ.

"ಕುಡಿದ ಕೂಡಲೇ ಹೊಟ್ಟೆ ತೊಳಸ್ತದೆ"

ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದೀರಿ, ಅಲ್ವಾ? ಅದೇ ಕಾರಣ ಇರುವುದು ಜಾಸ್ತಿ. ಆ ಒಗರು ವಸ್ತು ಖಾಲಿ ಹೊಟ್ಟೆಗೆ ಹೋದರೆ ಕೆಲವರಿಗೆ ವಾಕರಿಕೆ, ಉರಿ ಬರುತ್ತದೆ. ಎರಡು ತೆಳ್ಳವು ತಿಂದು ಸ್ವಲ್ಪ ಹೊತ್ತು ಬಿಟ್ಟು, ತಿಳಿಯಾಗಿ ಮಾಡಿ ಕುಡಿದು ನೋಡಿ. ಒಂದು ವಾರ ಹೀಗೆ ಮಾಡಿಯೂ ಉರಿ ನಿಲ್ಲದಿದ್ದರೆ ಟೀ ಬಿಡಿ. ಬಿಟ್ಟ ಮೇಲೂ ಉರಿ ಇದ್ದರೆ, ಅಥವಾ ಮಲ ಡಾಂಬರಿನ ಹಾಗೆ ಕಪ್ಪಾಗಿ ಹೋದರೆ, ಅದು ಟೀ ಸಮಸ್ಯೆ ಅಲ್ಲ, ಆ ದಿನವೇ ಡಾಕ್ಟ್ರ ಹತ್ತಿರ ಹೋಗಿ.

ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು, ಮುಖ್ಯವಾಗಿ ಬಸುರಿಯರು, ಊಟದ ಜೊತೆಗೆ ಮತ್ತು ಮಾತ್ರೆಯ ಜೊತೆಗೆ ಟೀ ಕುಡಿಯಬಾರದು. ಲೋಟದಲ್ಲಿ ಕಬ್ಬಿಣವನ್ನು ಹಿಡಿದು ಕಪ್ಪು ಮಾಡಿದ ವಸ್ತುವೇ ಹೊಟ್ಟೆಯೊಳಗೆ ಹರಿವೆ ಸೊಪ್ಪಿನ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಅಂತರ ಇರಲಿ, ಮಾತ್ರೆಗೆ ಎರಡು ಗಂಟೆ.

"ರಾತ್ರಿ ನಿದ್ದೆ ಇಲ್ಲ, ಎದೆ ಡವಡವ"

ಗ್ರೀನ್ ಟೀಯಲ್ಲಿ ಕೆಫೀನ್ ಇಲ್ಲ ಅಂತ ಯಾರು ಹೇಳಿದ್ದೋ ಗೊತ್ತಿಲ್ಲ, ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಇದೆ. ಒಂದು ದೊಡ್ಡ ಲೋಟದಲ್ಲಿ ಸುಮಾರು 30 ಮಿಲಿಗ್ರಾಂ, ಎಲೆ ಮತ್ತು ಹೊತ್ತಿನ ಮೇಲೆ ಹೆಚ್ಚು ಕಡಿಮೆ. ಕಾಫಿಗಿಂತ ಕಡಿಮೆ ಅಂತ ಆರು ಲೋಟ ಕುಡಿದರೆ ಲೆಕ್ಕ ಅಲ್ಲಿಗೇ ಬಂತು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ, ಬಸುರಿಯರಿಗೆ 200, ಇದಕ್ಕಿಂತ ಮೇಲೆ ಹೋಗಬಾರದು ಅನ್ನುವುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ. ಚಾ, ಕಾಫಿ ಎಲ್ಲ ಸೇರಿ. ಮಧ್ಯಾಹ್ನ ಮೂರು ಗಂಟೆಯ ನಂತರ ಕುಡಿಯುವುದು ನಿಲ್ಲಿಸಿ ನೋಡಿ. ಸಂಜೆಗೆ ಏನಾದರೂ ಬೇಕೇ ಬೇಕು ಅಂದರೆ ತಿಳಿ ಹೋಜಿಚಾ, ಇಲ್ಲವೇ ನಮ್ಮ ಹಳೆಯ ಜೀರಿಗೆ ಕಷಾಯ, ಅದನ್ನು ಎಷ್ಟು ಬೇಕಾದರೂ ಕುದಿಸಿ. ಟೀ ಬಿಟ್ಟರೂ ಎದೆಬಡಿತ ಏರುಪೇರಾದರೆ, ತಲೆ ತಿರುಗಿದರೆ, ಎದೆ ನೋವು ಬಂದರೆ ಕಾಯಬೇಡಿ.

"ಮೂರು ತಿಂಗಳಾಯ್ತು, ತೂಕ ಇಳಿಯಲೇ ಇಲ್ಲ"

ಎಲೆಯಲ್ಲೂ ನೀರಲ್ಲೂ ದೋಷ ಇಲ್ಲ. ಪ್ಯಾಕೆಟಿನ ಮೇಲಿನ ಸೊಂಟದ ಚಿತ್ರದಲ್ಲಿದೆ. ಗ್ರೀನ್ ಟೀಯಿಂದ ಇಳಿಯುವ ತೂಕ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಎರಡು ಚಮಚ ಸಕ್ಕರೆಯ ನಾಲ್ಕು ಚಾ ಬಿಟ್ಟದ್ದರಿಂದ ಇಳಿಯಬಹುದು, ಆದರೆ ಭಾವ ಕಹಿ ತಡೆಯಲಿಕ್ಕೆ ಪ್ರತಿ ಲೋಟಕ್ಕೂ ಎರಡು ಚಮಚ ಜೇನು ಹಾಕುತ್ತಿದ್ದರು. "ಜೇನು ಸಕ್ಕರೆ ಅಲ್ಲವಲ್ಲ?" ಅಂತ ಕೇಳಿದರು. ಸಕ್ಕರೆ ಕಾಯಿಲೆಗೆ ಅದೂ ಸಕ್ಕರೆಯೇ ಭಾವ.

ಇಲ್ಲಿ ಒಂದು ಕಡೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಟೀಯಿಂದ ಆಗಲಿಲ್ಲ ಅಂತ ಗ್ರೀನ್ ಟೀ ಸಾರದ ಮಾತ್ರೆಗೆ ಹೋಗಬೇಡಿ. ಇಜಿಸಿಜಿ ಅನ್ನುವ ಕೆಟೆಚಿನ್ ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಹೋದರೆ ಲಿವರಿಗೆ ಪೆಟ್ಟು ಬೀಳುವ ಲಕ್ಷಣ ಕಾಣಬಹುದು ಅಂತ ಅದೇ ಯುರೋಪಿನ ಸಂಸ್ಥೆ 2018ರಲ್ಲಿ ಹೇಳಿದೆ. ಅಂಥ ಮಾತ್ರೆ ನುಂಗುತ್ತಿರುವವರಿಗೆ ಕಣ್ಣು ಹಳದಿಯಾದರೆ, ಮೂತ್ರ ಕಟ್ಟನ್ ಚಾಯದ ಬಣ್ಣಕ್ಕೆ ತಿರುಗಿದರೆ, ಹೊಟ್ಟೆಯ ಬಲಭಾಗದಲ್ಲಿ ನೋವಿದ್ದರೆ, ಮಾತ್ರೆ ನಿಲ್ಲಿಸಿ ಡಬ್ಬದ ಸಮೇತ ಆಸ್ಪತ್ರೆಗೆ ಹೋಗಿ. ಕಾಮಾಲೆಗೆ ಹಳ್ಳಿ ಮದ್ದು ಹುಡುಕುತ್ತಾ ದಿನ ಕಳೆಯಬೇಡಿ.

ಲೋಟದಲ್ಲಿ ಮಾಡಿ ಕುಡಿಯುವವರೂ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್, ಬಿಪಿಗೆ ನಾಡೊಲಾಲ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟ್ರಿಗೆ ಹೇಳಿಯೇ ಶುರು ಮಾಡಿ, ಇವುಗಳ ಕೆಲಸಕ್ಕೆ ಗ್ರೀನ್ ಟೀ ಅಡ್ಡ ಬರಬಹುದು. ಥೈರಾಯ್ಡ್ ಮಾತ್ರೆ ಬರೀ ನೀರಲ್ಲಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನಂತೂ "ನಾನೀಗ ಗ್ರೀನ್ ಟೀ ಕುಡೀತೇನೆ" ಅಂತ ಬಿಡಬೇಡಿ.

ಭಾವ ಈಗ ಜೇನು ಬಿಟ್ಟಿದ್ದಾರೆ. ಮೇಲಿನ ಗುಡ್ಡದ ಸುರಂಗದಿಂದ ದಿನಾ ಒಂದು ಕೊಡಪಾನ ನೀರು ತಂದು, ಕುದಿಸಿ, ಮೂರಕ್ಕೆ ಒಂದು ಪಾಲು ಆರಿದ್ದು ಬೆರೆಸಿ ಕುಡಿಯುತ್ತಾರೆ. ಕೊಳವೆಬಾವಿಯ ನೀರಿನ ಬಾಟಲಿ ಲ್ಯಾಬಿಗೆ ಹೋಗಿದೆ, ವರದಿ ಇನ್ನೂ ಬರಬೇಕಷ್ಟೆ.